ಪರಶುರಾಮನೆಂಬ ಹಳೆಯ ವಿಮಾನ

ವಿಂಟೇಜ್ ವಿಮಾನ ಎಂಬ ಮಾತಿಗೆ ಕನ್ನಡದಲ್ಲಿ ನೆಲೆಗೊಂಡ ಪದ ಇನ್ನೂ ಹುಟ್ಟಿಲ್ಲ. ತಯಾರಿಕೆ ನಿಂತು ದಶಕಗಳು ಕಳೆದು, ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆಗಳು ಮುಚ್ಚಿಹೋಗಿ, ಹಾರಿಸಬಲ್ಲವರೂ ದುರಸ್ತಿ ಮಾಡಬಲ್ಲವರೂ ವಿರಳವಾಗಿದ್ದರೂ ತನ್ನ ಕಾಲದ ರೂಪವನ್ನು ಬಿಡದೆ ಉಳಿದುಕೊಂಡಿರುವ ವಿಮಾನಕ್ಕೆ ಈ ಹೆಸರು ಸಲ್ಲುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಓದುಗರಿಗೆ ಇದನ್ನು ತಿಳಿಯಲು ಊರ ತೇರಿಗಿಂತ ಹತ್ತಿರದ ಹೋಲಿಕೆ ಬೇಕಿಲ್ಲ. ತೇರು ವರ್ಷದ ಬಹುಪಾಲು ದಿನ ನಿಂತೇ ಇರುತ್ತದೆ. ಗಾಲಿ ಸವೆದರೆ ಬಡಿಗರು ಹೊಸ ಗಾಲಿ ಕೂಡಿಸುತ್ತಾರೆ, ಅಚ್ಚು ಸೀಳಿದರೆ ಅಚ್ಚು ಬದಲಾಗುತ್ತದೆ, ಹಗ್ಗವಂತೂ ಎಷ್ಟು ಸಲ ಬದಲಾಯಿತೆಂದು ಯಾರೂ ಲೆಕ್ಕವಿಟ್ಟಿರುವುದಿಲ್ಲ. ಆದರೂ ಅಜ್ಜನ ಕಾಲದಲ್ಲಿ ಎಳೆದ ತೇರೇ ಮೊಮ್ಮಗನ ಕಾಲದಲ್ಲೂ ಎಳೆಯಲ್ಪಡುತ್ತಿದೆ ಎಂಬುದರಲ್ಲಿ ಊರಿನವರಿಗೆ ಸಂಶಯವಿರುವುದಿಲ್ಲ. ಹಳೆಯ ವಿಮಾನವನ್ನು ಹೊಂದುವುದು, ಹಾರಿಸುವುದು, ಜನರ ಮುಂದೆ ಪ್ರದರ್ಶಿಸುವುದು ಎಂದರೆ ಬಹುಮಟ್ಟಿಗೆ ಇದೇ ಬಗೆಯ ಕೆಲಸ. ವ್ಯತ್ಯಾಸವೆಂದರೆ, ಇಲ್ಲಿ ಒಂದು ಸಣ್ಣ ಕೀಲು ತಪ್ಪಿದರೂ ಜೀವ ಹೋಗುತ್ತದೆ.

ಈ ನಾಲ್ಕು ತಾಲ್ಲೂಕುಗಳಿಗೆ ವಿಮಾನದ ನಂಟು ಹೊಸದಲ್ಲ. ಬೆಳಗಾವಿಯಿಂದ ನೇಸರಗಿ, ಯರಗಟ್ಟಿಯ ಮೂಲಕ ಬಾಗಲಕೋಟೆಯತ್ತ ಹೋಗುವ ರಸ್ತೆಯಲ್ಲಿ ಸಿಗುವ ಸಾಂಬ್ರಾ ನಿಲ್ದಾಣವನ್ನು 1942ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಬ್ರಿಟಿಷ್ ವಾಯುಪಡೆ ಕಟ್ಟಿಸಿತು. ಬರ್ಮಾದ ಕಡೆಯ ಕಾಳಗಕ್ಕೆ ನೆರವಾಗುವ ತರಬೇತಿಯ ನೆಲೆಯಾಗಿ ಅದು ಬಳಕೆಯಾಯಿತು. ಭಾರತೀಯ ವಾಯುಪಡೆಯ ಏರ್‌ಮನ್ ತರಬೇತಿ ಶಾಲೆ ಇರುವುದು ಇದೇ ಸಾಂಬ್ರಾದಲ್ಲಿ. ಇಂದಿನ ಅಗ್ನಿವೀರವಾಯುಗಳೂ ತಮ್ಮ ಮೊದಲ ಪಾಠ ಕಲಿಯುವುದು ಅಲ್ಲಿಯೇ. ಸಾಂಬ್ರಾ ನಿಲ್ದಾಣ ಕಟ್ಟುವುದಕ್ಕೂ ಹತ್ತು ವರ್ಷ ಹಿಂದೆ, 1932ರ ಅಕ್ಟೋಬರ್ 15ರಂದು, ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಟಪಾಲು ತಂದಾಗ, ಅಲ್ಲಿಂದ ಅದನ್ನು ಮದರಾಸಿಗೆ ಒಯ್ದವರು ಅವರ ಸಂಗಾತಿ ನೆವಿಲ್ ವಿನ್ಸೆಂಟ್. ನಡುವೆ ಅವರ ತಂಗುದಾಣ ಬಳ್ಳಾರಿ. ಮುಂಬಯಿಗೂ ಬಳ್ಳಾರಿಗೂ ನಡುವೆ ನಕ್ಷೆಯಲ್ಲಿ ನೇರ ಗೆರೆ ಎಳೆದರೆ ಅದು ರಾಮದುರ್ಗದ ಪೂರ್ವಕ್ಕೆ, ಬಾಗಲಕೋಟೆಯ ಆಸುಪಾಸಿನಲ್ಲಿ ಹಾಯುತ್ತದೆ. ಭಾರತದ ಮೊದಲ ನಿಯಮಿತ ಸ್ವದೇಶೀ ವಿಮಾನ ಸೇವೆಯ ಚರಿತ್ರೆಯನ್ನು ಕರಾಚಿ ಮತ್ತು ಮುಂಬಯಿಯ ಕಥೆಯಾಗಿ ಮಾತ್ರ ಹೇಳುವ ರೂಢಿಯಿದೆ. ಅದರಲ್ಲಿ ಬಳ್ಳಾರಿಯ ಹೆಸರು ಇನ್ನಷ್ಟು ದಪ್ಪ ಅಕ್ಷರದಲ್ಲಿ ಇರಬೇಕಿತ್ತು.

ಆ ಹಾರಾಟಕ್ಕೆ ಐವತ್ತು ವರ್ಷ ತುಂಬಿದಾಗ, 1982ರಲ್ಲಿ, 78 ವರ್ಷದ ಟಾಟಾ ಅವರು ಪುಸ್ ಮಾತ್‌ನ ಸೋದರ ವಿಮಾನವೆನ್ನಬಹುದಾದ ಲೆಪರ್ಡ್ ಮಾತ್‌ನಲ್ಲಿ ಅದೇ ದಾರಿಯನ್ನು ಒಬ್ಬರೇ ಮತ್ತೆ ಹಾರಿದರು. ಹಳೆಯ ವಿಮಾನವೊಂದನ್ನು ಪ್ರದರ್ಶಿಸುವುದರ ಅರ್ಥವೇನೆಂಬುದಕ್ಕೆ ನಮ್ಮ ದೇಶದಲ್ಲಿ ಇದಕ್ಕಿಂತ ಶುದ್ಧವಾದ ಉದಾಹರಣೆ ಸಿಗಲಾರದು. ಗಾಜಿನ ಪೆಟ್ಟಿಗೆಯಲ್ಲಿಟ್ಟ ಟಪಾಲು ಚೀಲದಿಂದ ಏನೇನು ತಿಳಿಯಬಹುದೋ ಅದಷ್ಟೂ ತಿಳಿದಮೇಲೂ, ಆ ಒಂಟಿ ಎಂಜಿನ್ನಿನ ಸದ್ದು ಕಿವಿಗೆ ಬೀಳದೆ 1932ರ ಧೈರ್ಯ ಎಂಥದೆಂಬುದು ಮನಸ್ಸಿಗೆ ಇಳಿಯುವುದಿಲ್ಲ.

ಕರ್ನಾಟಕದಲ್ಲಿ ವಿಮಾನದ ಕೈಕೆಲಸ ಬೇರೂರಿದ್ದು 1940ರ ಡಿಸೆಂಬರ್‌ನಲ್ಲಿ, ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ತೆರೆದಾಗ. ಇಂದು ಎಚ್‌ಎಎಲ್ ಎಂದು ಮನೆಮಾತಾಗಿರುವುದು ಅದೇ. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನ ಅಲ್ಲಿ ಜೋಡಣೆಗೊಂಡು ಹಾರಿತು. ಆದರೆ ಯುದ್ಧದ ಒತ್ತಡದಲ್ಲಿ ಆ ಕಾರ್ಖಾನೆಯ ನಿಜವಾದ ವಿದ್ಯೆಯಾಗಿ ಬೆಳೆದದ್ದು ಓವರ್‌ಹಾಲ್, ಅಂದರೆ ದಣಿದ ಯಂತ್ರವನ್ನು ಪೂರ್ತಿ ಬಿಚ್ಚಿ, ಪ್ರತಿ ಭಾಗವನ್ನೂ ತೊಳೆದು ಅಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಕೂಡಿಸುವ ಕೆಲಸ. ಅಮೆರಿಕದ ಸೇನೆಯ ಕೈಗೆ ಕಾರ್ಖಾನೆಯ ಆಡಳಿತ ಹೋದ ಆ ವರ್ಷಗಳಲ್ಲಿ ಕ್ಯಾಟಲಿನಾ ಎಂಬ ನೀರಿನ ಮೇಲೆ ಇಳಿಯುವ ವಿಮಾನಗಳೂ ಡಕೋಟಾಗಳೂ ದೊಡ್ಡ ಬಾಂಬರ್‌ಗಳೂ ಬೆಂಗಳೂರಿಗೆ ಬಂದು ಚಿಕಿತ್ಸೆ ಪಡೆದವು.

ಆ ವಿದ್ಯೆ ಎಷ್ಟು ಆಳವಾಗಿ ಇಳಿದಿತ್ತೆಂಬುದು ಯುದ್ಧ ಮುಗಿದ ಮೇಲೆ ಗೊತ್ತಾಯಿತು. ಅಮೆರಿಕದ ಬಿ-24 ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಭಾರೀ ಬಾಂಬರ್‌ಗಳನ್ನು ಬ್ರಿಟಿಷರು ಕಾನ್ಪುರದಲ್ಲಿ ರಾಶಿ ಹಾಕಿ, ಮತ್ತೆ ಯಾರೂ ಬಳಸದಂತೆ ಉದ್ದೇಶಪೂರ್ವಕವಾಗಿ ಕೆಡಿಸಿ ಹೋಗಿದ್ದರು. ಸ್ವತಂತ್ರ ಭಾರತಕ್ಕೆ ಆಗ ಬಾಂಬರ್ ಬೇಕಿತ್ತು, ಹಣವಿರಲಿಲ್ಲ. 1948ರಲ್ಲಿ ಎಚ್‌ಎಎಲ್‌ನ ತಂತ್ರಜ್ಞರು ಆ ರಾಶಿಯಲ್ಲಿ ಹುಡುಕಿ, ಒಂದರ ಅಂಗವನ್ನು ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರಿನವರೆಗೆ ಹಾರುವಷ್ಟು ಮಟ್ಟಿಗೆ ಅವುಗಳನ್ನು ಎಬ್ಬಿಸಿ ನಿಲ್ಲಿಸಿದರು. ಕಂಪನಿಯ ಪರೀಕ್ಷಾ ಪೈಲಟ್ ಜಮ್‌ಶೇದ್ ಮುನ್ಶಿ ಅವರು ಒಂದೊಂದಾಗಿ ಅವನ್ನು ದಕ್ಷಿಣಕ್ಕೆ ಹಾರಿಸಿಕೊಂಡು ಬಂದರು. ಹೀಗೆ ಬಂದ 42 ಲಿಬರೇಟರ್‌ಗಳು ಬೆಂಗಳೂರಿನಲ್ಲಿ ಪೂರ್ಣ ದುರಸ್ತಿಗೊಂಡು ವಾಯುಪಡೆಯನ್ನು ಸೇರಿ, 1968ರವರೆಗೆ ದುಡಿದವು. ಜಗತ್ತಿನ ಬೇರೆಡೆ ಈ ಜಾತಿಯ ವಿಮಾನಗಳು ಕರಗಿ ಪಾತ್ರೆ ಪಗಡಗಳಾಗಿದ್ದ ಹೊತ್ತಿಗೆ ಭಾರತದಲ್ಲಿ ಅವು ಇನ್ನೂ ಸಮುದ್ರದ ಮೇಲೆ ಗಸ್ತು ತಿರುಗುತ್ತಿದ್ದವು.

ಆದ್ದರಿಂದಲೇ ಅವು ನಿವೃತ್ತಿಯಾದ ಕೂಡಲೇ ವಿದೇಶೀ ಸಂಗ್ರಹಾಲಯಗಳು ಭಾರತದತ್ತ ತಿರುಗಿದವು. ಒಂದು ಕೆನಡಾದ ಒಟ್ಟಾವಾಕ್ಕೆ ಹೋಯಿತು, ಇನ್ನೊಂದು ಅಮೆರಿಕದ ಅರಿಜೋನಾ ರಾಜ್ಯದ ಪೀಮಾ ಸಂಗ್ರಹಾಲಯಕ್ಕೆ, ಮತ್ತೊಂದು 1974ರಲ್ಲಿ ಬ್ರಿಟಿಷ್ ವಾಯುಪಡೆಯ ಸಂಗ್ರಹಾಲಯಕ್ಕೆ. ಹಾಗೆಯೇ ಹೊರಟ ಇನ್ನೊಂದು ಲಿಬರೇಟರ್ ಅಮೆರಿಕದ ಕಾಲಿಂಗ್ಸ್ ಪ್ರತಿಷ್ಠಾನದ ಕೈಸೇರಿ, ಮತ್ತೆ ಜೀರ್ಣೋದ್ಧಾರಗೊಂಡು, ಹತ್ತಾರು ವರ್ಷ ಊರೂರು ತಿರುಗಿ ಜನರನ್ನು ಹೊತ್ತು ಹಾರಿತು. ಭಾರತದಲ್ಲಿ ಉಳಿದಿರುವುದು ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಸಂಗ್ರಹಾಲಯದಲ್ಲಿ. ಅವುಗಳಿಗೆ ಮರುಜನ್ಮ ಕೊಟ್ಟ ಬೆಂಗಳೂರಿನಲ್ಲಿ ಒಂದೂ ಉಳಿಯಲಿಲ್ಲ ಎಂಬುದು ನೋವಿನ ಸಂಗತಿಯೇ ಸರಿ. ಆ ವಿಮಾನಗಳ ಮೈಮೇಲೆ ಬೆಂಗಳೂರಿನ ಕೆಲಸಗಾರರು ಕೂಡಿಸಿದ ತಗಡು, ಹೊಡೆದ ರಿವೆಟ್‌ಗಳು ಇವತ್ತಿಗೂ ಪರದೇಶದಲ್ಲಿ ಪ್ರದರ್ಶನಕ್ಕಿದ್ದರೂ ಅವರ ಹೆಸರು ನಮ್ಮ ಪಠ್ಯಪುಸ್ತಕದ ಒಂದು ಸಾಲಿನಲ್ಲೂ ಕಾಣುವುದಿಲ್ಲ.

ಎಚ್‌ಎಎಲ್ 2001ರಲ್ಲಿ ಬೆಂಗಳೂರಿನಲ್ಲಿ ತನ್ನದೇ ಸಂಗ್ರಹಾಲಯವನ್ನು ತೆರೆದು ಈ ಕೊರತೆಯನ್ನು ಒಂದಿಷ್ಟು ತುಂಬಿಕೊಂಡಿತು. ಕೊಲ್ಲಾಪುರ ಸೀಮೆಯಲ್ಲಿ ಹುಟ್ಟಿ, ಜರ್ಮನಿಯಲ್ಲಿ ಓದಿ ಬಂದ ಡಾ. ವಿ.ಎಂ. ಘಾಟಗೆ ಅವರು ರೂಪಿಸಿದ, 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನ ಅಲ್ಲಿದೆ. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ತಯಾರಾಗಿ 1961ರ ಜೂನ್ 17ರಂದು ಬೆಂಗಳೂರಿನ ಆಕಾಶಕ್ಕೇರಿದ ಮರುತ್ ಜೆಟ್ ಇದೆ. ಹತ್ತಿ ಬೆಳೆಯುವ ಬೈಲಹೊಂಗಲ, ಸವದತ್ತಿಯ ರೈತರು ಅಲ್ಲಿಗೆ ಹೋದರೆ ಬಹುಶಃ ಹೆಚ್ಚು ಹೊತ್ತು ನಿಲ್ಲುವುದು ಬಸಂತ್ ಎಂಬ ವಿಮಾನದ ಮುಂದೆ. ಬೆಳೆಗೆ ಔಷಧ ಸಿಂಪಡಿಸಲೆಂದೇ ಇದೇ ಕಾರ್ಖಾನೆ 1970ರ ದಶಕದಲ್ಲಿ ತಯಾರಿಸಿದ ವಿಮಾನ ಅದು. ಆದರೆ ಇವೆಲ್ಲ ನಿಂತ ವಿಮಾನಗಳು. ಮರುತ್‌ನ ವಿಷಯವನ್ನೇ ತೆಗೆದುಕೊಂಡರೆ, ಸುಮಾರು 150ರಷ್ಟು ತಯಾರಾದ ಆ ಜಾತಿಯಲ್ಲಿ ಹಾರುವಂಥದ್ದು ಇಂದು ಒಂದೂ ಇಲ್ಲ.

ನಿಂತದ್ದಕ್ಕೂ ಹಾರುವುದಕ್ಕೂ ಇರುವ ಅಂತರವನ್ನು ತಿಳಿಯಲು ಪರಶುರಾಮನ ಬಳಿಗೆ ಬರಬೇಕು. ಇದು ವಾಯುಪಡೆಯ ವಿಂಟೇಜ್ ದಳದಲ್ಲಿರುವ ಡಕೋಟಾ ವಿಮಾನದ ಹೆಸರು. ಎಲ್ಲಮ್ಮನ ಗುಡ್ಡದ ನೆರಳಿನಲ್ಲಿ ಬೆಳೆದವರಿಗೆ ಈ ಹೆಸರಿನ ಪರಿಚಯ ಮಾಡಿಕೊಡಬೇಕಿಲ್ಲ. ರೇಣುಕೆಯ ಮಗನ ಹೆಸರನ್ನು ಸವದತ್ತಿಯ ಪಕ್ಕದ ಪರಸಗಡ ಕೋಟೆಯೇ ಹೊತ್ತಿದೆ, ತಾಲ್ಲೂಕಿಗೂ ಒಂದು ಕಾಲದಲ್ಲಿ ಅದೇ ಹೆಸರಿತ್ತು. ಕಡಿದುಬಿದ್ದ ತಾಯಿಯನ್ನು ವರ ಬೇಡಿ ಮರಳಿ ಬದುಕಿಸಿಕೊಂಡವನ ಹೆಸರು ಗುಜರಿಯಿಂದ ಎದ್ದುಬಂದ ವಿಮಾನಕ್ಕೆ ಸಂದದ್ದು ಎಷ್ಟು ಉಚಿತವೆಂಬುದು ಈ ಸೀಮೆಯವರಿಗೆ ಬೇರೆಯವರಿಗಿಂತ ಬೇಗ ಹೊಳೆದೀತು.

ಡಕೋಟಾ ಎಂಬುದು ಅಮೆರಿಕದ ಡಗ್ಲಸ್ ಕಂಪನಿಯ ಡಿಸಿ-3 ವಿಮಾನದ ಸೇನಾ ರೂಪಕ್ಕೆ ಬ್ರಿಟಿಷರು ಇಟ್ಟ ಹೆಸರು. 1935ರ ಡಿಸೆಂಬರ್‌ನಲ್ಲಿ ಮೊದಲು ಹಾರಿದ ಡಿಸಿ-3ರ ಸೇನಾ ರೂಪಗಳೇ 10,000ಕ್ಕೂ ಹೆಚ್ಚು ತಯಾರಾದವು. 1947ರ ಅಕ್ಟೋಬರ್ 27ರ ಬೆಳಿಗ್ಗೆ ದೆಹಲಿಯಿಂದ ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ಅವರ ಒಂದನೆಯ ಸಿಖ್ ಪಡೆಯನ್ನು ಶ್ರೀನಗರಕ್ಕೆ ಇಳಿಸಿದ್ದು ಡಕೋಟಾಗಳು. ಮರುವರ್ಷ ಏರ್ ಕಮೊಡೋರ್ ಮೆಹರ್ ಸಿಂಗ್ ಲೇಹ್‌ನಲ್ಲಿ ವಿಮಾನ ಇಳಿಸಿದ್ದೂ ಡಕೋಟಾದಲ್ಲೇ. ಆ ದಿನಗಳ ಡಕೋಟಾ ಪೈಲಟ್‌ಗಳ ಪರಂಪರೆಗೆ ಸೇರಿದವರು ಏರ್ ಕಮೊಡೋರ್ ಎಂ.ಕೆ. ಚಂದ್ರಶೇಖರ್. ಅವರ ಮಗ, ಬೆಂಗಳೂರಿನ ಉದ್ಯಮಿ, ಆಗ ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಐರ್ಲೆಂಡಿನಲ್ಲಿ ಗುಜರಿ ಸೇರಿದ್ದ ಡಕೋಟಾವೊಂದನ್ನು 2011ರಲ್ಲಿ ಕೊಂಡು, ಇಂಗ್ಲೆಂಡಿನ ಕವೆಂಟ್ರಿಯಲ್ಲಿ ವರ್ಷಗಟ್ಟಲೆ ಜೀರ್ಣೋದ್ಧಾರ ಮಾಡಿಸಿ, ತಂದೆಯ ಪರವಾಗಿ ವಾಯುಪಡೆಗೆ ಕಾಣಿಕೆಯಾಗಿ ಕೊಟ್ಟರು. 2018ರ ಏಪ್ರಿಲ್ 17ರಂದು ಕವೆಂಟ್ರಿಯಿಂದ ಹೊರಟ ವಿಮಾನ ಫ್ರಾನ್ಸ್, ಇಟಲಿ, ಗ್ರೀಸ್, ಜೋರ್ಡಾನ್, ಸೌದಿ ಅರೇಬಿಯಾ, ಬಹರೈನ್, ಒಮಾನ್‌ಗಳಲ್ಲಿ ಇಳಿಯುತ್ತ ಏರುತ್ತ ಆ ತಿಂಗಳ ಕೊನೆಯ ವಾರದಲ್ಲಿ ಜಾಮನಗರವನ್ನು ಮುಟ್ಟಿ, ಮೇ 4ರಂದು ಹಿಂಡನ್ ನೆಲೆಯಲ್ಲಿ ವಿಧ್ಯುಕ್ತವಾಗಿ ದಳವನ್ನು ಸೇರಿತು.

ಅದರ ಬಾಲದ ಮೇಲೆ ಬರೆದಿರುವ ಸಂಖ್ಯೆ ವಿಪಿ 905. ಶ್ರೀನಗರಕ್ಕೆ ಮೊದಲು ಸೈನಿಕರನ್ನು ಒಯ್ದ ಡಕೋಟಾದ ಸಂಖ್ಯೆ ಅದು. ಇದು ಅದೇ ವಿಮಾನವಲ್ಲ, ಅದರ ಸಂಖ್ಯೆಯನ್ನು ಹೊತ್ತ ಸಜಾತಿ ವಿಮಾನ. ಇಂಥ ಸಂಖ್ಯೆಯ ಎರವಲನ್ನು ಕಟ್ಟುನಿಟ್ಟಿನ ಚರಿತ್ರಕಾರರು ಒಪ್ಪದಿರಬಹುದು. ಆದರೆ ಗರ್ಭಗುಡಿಯ ಮೂರ್ತಿ ಕದಲದೆ ನಿಂತಿರುವಾಗ ಅದರ ಹೆಸರಿನಲ್ಲಿ ಉತ್ಸವಮೂರ್ತಿ ಬೀದಿಗೆ ಬರುವ ನಾಡಿನಲ್ಲಿ ಈ ಪದ್ಧತಿಯನ್ನು ಮೋಸವೆನ್ನಲಾಗದು. ಯಾವುದು ಯಾವುದರ ಪ್ರತಿನಿಧಿಯೆಂಬುದನ್ನು ಮುಚ್ಚಿಡದೆ ಹೇಳಿದರೆ ಸಾಕು.

ಇಂಥ ವಿಮಾನವನ್ನು ಹಾರುವ ಸ್ಥಿತಿಯಲ್ಲಿಡುವ ಕಷ್ಟ ಶುರುವಾಗುವುದು ಎಂಜಿನ್ನಿನಿಂದ. ಡಕೋಟಾದ ಎರಡು ಎಂಜಿನ್‌ಗಳೂ ರೇಡಿಯಲ್ ಮಾದರಿಯವು: ಚಕ್ಕಡಿಯ ಗಾಲಿಯ ಗುಂಬದ ಸುತ್ತ ಅರಗಳಿರುವಂತೆ, ನಡುವಿನ ಒಂದು ದಂಡದ ಸುತ್ತ 14 ಸಿಲಿಂಡರ್‌ಗಳು ಎರಡು ಸಾಲಿನಲ್ಲಿ ಕೂತಿರುತ್ತವೆ, ಒಂದೊಂದು ಎಂಜಿನ್ನಿನ ಶಕ್ತಿ ಸುಮಾರು 1,200 ಅಶ್ವಶಕ್ತಿ. ಎಂಜಿನ್ ನಿಂತಿರುವಾಗ ಎಣ್ಣೆ ಮೆಲ್ಲಗೆ ಜಿನುಗಿ ಕೆಳಬದಿಯ ಸಿಲಿಂಡರ್‌ಗಳಲ್ಲಿ ಸೇರುತ್ತದೆ. ಗಾಳಿಯನ್ನು ಒತ್ತಬಹುದು, ಎಣ್ಣೆಯನ್ನು ಒತ್ತಲಾಗದು; ಆ ಸ್ಥಿತಿಯಲ್ಲಿ ಒಮ್ಮೆಲೇ ಚಾಲೂ ಮಾಡಿದರೆ ಒಳಗಿನ ಕಬ್ಬಿಣದ ಕೋಲೇ ಬಾಗಿಬಿಡುತ್ತದೆ. ಅದಕ್ಕಾಗಿ ಪ್ರತಿ ಬಾರಿ ಹಾರುವ ಮುನ್ನ ಸಿಬ್ಬಂದಿ ಪ್ರೊಪೆಲರ್‌ನ ಅಲಗುಗಳನ್ನು ಕೈಯಿಂದ ಹಿಡಿದು ಹಲವು ಸುತ್ತು ತಿರುಗಿಸಿ ಎಣ್ಣೆ ತುಂಬಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಜೆಟ್ ವಿಮಾನದಲ್ಲಿ ಗುಂಡಿ ಒತ್ತಿ ಬೆಳೆದ ಇಂದಿನ ಪೈಲಟ್‌ಗೆ ಇದನ್ನೆಲ್ಲ ಹೊಸದಾಗಿ ಕಲಿಸಬೇಕಾಗುತ್ತದೆ. ಹಿಂಬದಿ ಗಾಲಿಯ ವಿಮಾನವಾದ್ದರಿಂದ ಡಕೋಟಾ ನೆಲದ ಮೇಲೆ ಮೂಗೆತ್ತಿ ನಿಲ್ಲುತ್ತದೆ. ಅದರ ಭಾರದ ಕೇಂದ್ರ ಮುಖ್ಯ ಗಾಲಿಗಳ ಹಿಂದಿರುವುದರಿಂದ, ಅಡ್ಡಗಾಳಿ ಬೀಸಿದಾಗ ಕಾಲಿನ ಪೆಡಲ್ ಒಂದು ಕ್ಷಣ ತಡವಾದರೂ ಬಾಲ ಮುಂದಕ್ಕೆ ತಿರುಗಿ ವಿಮಾನ ಗಿರಕಿ ಹೊಡೆಯಬಹುದು.

ಇಂಧನದ ಸಮಸ್ಯೆ ಬೇರೆಯೇ. ಜೆಟ್‌ಗಳು ಉರಿಸುವುದು ಸೀಮೆಎಣ್ಣೆಯ ಬಳಗದ ಇಂಧನವನ್ನಾದರೆ, ಈ ಎಂಜಿನ್‌ಗಳಿಗೆ ಬೇಕಾದದ್ದು ಏವ್‌ಗ್ಯಾಸ್ ಎಂಬ ವಿಶೇಷ ಪೆಟ್ರೋಲ್. ಒಂದು ಗಂಟೆಯ ಹಾರಾಟಕ್ಕೆ ಡಕೋಟಾ ಕುಡಿಯುವುದು ಸುಮಾರು 350 ಲೀಟರ್. ಬಹುಕಾಲ ಈ ಇಂಧನವನ್ನು ಭಾರತ ಹೊರದೇಶದಿಂದಲೇ ತರಿಸುತ್ತಿತ್ತು. ಇಂಡಿಯನ್ ಆಯಿಲ್ ತನ್ನ ಗುಜರಾತ್ ಸಂಸ್ಕರಣಾಗಾರದಲ್ಲಿ ತಯಾರಿಸಿದ ಏವ್‌ಗ್ಯಾಸ್ ಬಿಡುಗಡೆಯಾದದ್ದು 2022ರ ಸೆಪ್ಟೆಂಬರ್‌ನಲ್ಲಿ.

ಮರದ ಕೆಲಸ ಬಲ್ಲವರಿಗೆ ಡಕೋಟಾಗಿಂತ ಟೈಗರ್ ಮಾತ್ ಹೆಚ್ಚು ಆಪ್ತವೆನಿಸೀತು. 1931ರಲ್ಲಿ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿ ರೂಪಿಸಿದ ಈ ಜೋಡಿ ರೆಕ್ಕೆಯ ತರಬೇತಿ ವಿಮಾನದ ರೆಕ್ಕೆಯೊಳಗಿರುವುದು ಹಗುರ ಮರದ ಪಕ್ಕೆಲುಬುಗಳು. ಮೇಲೆ ಹೊದಿಸಿರುವುದು ಬಟ್ಟೆ. ಆ ಬಟ್ಟೆಗೆ ಡೋಪ್ ಎಂಬ ಅರಗಿನಂಥ ದ್ರವವನ್ನು ಪದರ ಪದರವಾಗಿ ಬಳಿದರೆ ಅದು ಒಣಗುತ್ತ ಬಿಗಿದುಕೊಂಡು ಹಲಗೆಯ ಚರ್ಮದಂತೆ ಧ್ವನಿ ಕೊಡುತ್ತದೆ. ಬಟ್ಟೆ ಬಿಸಿಲಿಗೆ ಮುಪ್ಪಾಗುತ್ತದೆ, ಮರ ತೇವಕ್ಕೆ ಉಬ್ಬುತ್ತದೆ, ಅಂಟು ಬಿಡುತ್ತದೆ; ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ರೆಕ್ಕೆಯ ಹೊದಿಕೆ ತೆಗೆದು ಎಲುಬನ್ನು ಪರೀಕ್ಷಿಸಿ ಮತ್ತೆ ಹೊದಿಸಬೇಕು. ವಾಯುಪಡೆಯ ಟೈಗರ್ ಮಾತ್ ಹೀಗೆ ಜೀರ್ಣೋದ್ಧಾರಗೊಂಡು 2012ರ ವಾಯುಪಡೆಯ ದಿನಾಚರಣೆಯಲ್ಲಿ ಹಾರಿತು. ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಗಾಲಿಗೆ ತೊಡಿಸುವ, ಹದ ಬಂದ ಮರವನ್ನು ಬೆರಳು ಬಡಿದು ಗುರುತಿಸುವ ನಮ್ಮ ಬಡಿಗ, ಕಮ್ಮಾರರ ಜಾಣ್ಮೆಗೂ ಈ ಕೆಲಸಕ್ಕೂ ದೂರ ಬಹಳವಿಲ್ಲ.

ಒಬ್ಬ ಖಾಸಗಿ ವ್ಯಕ್ತಿ ಇಂಥದ್ದನ್ನು ಹೊಂದಬಹುದೇ ಎಂದರೆ, ಕಾನೂನು ಅಡ್ಡ ಬರುವುದಿಲ್ಲ. 1934ರ ವಿಮಾನ ಕಾಯ್ದೆಯ ಜಾಗಕ್ಕೆ ಈಗ 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ; ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ ನೋಂದಣಿಯಾದ ಪ್ರತಿ ವಿಮಾನ ವಿಟಿ ಎಂಬ ಅಕ್ಷರಗಳನ್ನು ಹೊತ್ತುಕೊಳ್ಳುತ್ತದೆ. ಕಷ್ಟವಿರುವುದು ವಾಯುಯೋಗ್ಯತೆಯ ಪ್ರಮಾಣಪತ್ರದಲ್ಲಿ, ಅಂದರೆ ವಿಮಾನ ಹಾರಲು ತಕ್ಕದ್ದೆಂಬ ಲಿಖಿತ ಒಪ್ಪಿಗೆಯಲ್ಲಿ. ಪ್ರತಿ ಭಾಗಕ್ಕೂ ಅದು ಎಲ್ಲಿಂದ ಬಂತು, ಎಷ್ಟು ಗಂಟೆ ದುಡಿಯಿತು, ಯಾರು ಕೂಡಿಸಿದರು ಎಂಬ ದಾಖಲೆ ಬೇಕು. ತಯಾರಕರೇ ಇಲ್ಲದ ಭಾಗವನ್ನು ಹೊಸದಾಗಿ ಮಾಡಿಸಿದರೆ ಅದು ಮೂಲದಷ್ಟೇ ಗಟ್ಟಿಯೆಂದು ಸಾಬೀತುಪಡಿಸಬೇಕು. ಹೀಗಾಗಿ ವಿಮಾನ ಕೊಳ್ಳುವುದಕ್ಕಿಂತ ಅದನ್ನು ಸಾಕುವುದೇ ಆನೆ ಸಾಕಿದಂತಾಗುತ್ತದೆ.

ಜನ ಹಳೆಯ ವಿಮಾನ ಹಾರುವುದನ್ನು ಕಣ್ಣಾರೆ ಕಾಣುವ ಅವಕಾಶ ಕರ್ನಾಟಕದಲ್ಲಿ ಸಿಗುವುದು ಮುಖ್ಯವಾಗಿ ಬೆಂಗಳೂರಿನ ಯಲಹಂಕದಲ್ಲಿ, 1996ರಿಂದ ನಡೆಯುತ್ತಿರುವ ಏರೋ ಇಂಡಿಯಾದಲ್ಲಿ. 2015ರಲ್ಲಿ ಅಲ್ಲಿ ಬ್ರಿಟನ್ನಿನ ತಂಡವೊಂದು ಸ್ಟಿಯರ್‌ಮನ್ ಎಂಬ ಜೋಡಿ ರೆಕ್ಕೆಯ ಹಳೆಯ ವಿಮಾನಗಳ ಮೇಲೆ ಕಲಾವಿದೆಯರನ್ನು ನಿಲ್ಲಿಸಿ ಹಾರಿಸಿತ್ತು. 2019ರ ಪ್ರದರ್ಶನಕ್ಕೆ ಪರಶುರಾಮನೇ ಬಂದ. ಗಣರಾಜ್ಯೋತ್ಸವದಲ್ಲಿ, 2021ರಲ್ಲಿ, ಎರಡು ಹೆಲಿಕಾಪ್ಟರ್‌ಗಳ ನಡುವೆ ಅದು ದೆಹಲಿಯ ರಾಜಪಥದ ಮೇಲೂ ಹಾರಿತು.

ಹಾರಿಸಬೇಕೇ, ನಿಲ್ಲಿಸಬೇಕೇ ಎಂಬ ವಾದ ಮಾತ್ರ ಮುಗಿದಿಲ್ಲ. ಬೆಂಗಳೂರಿನ ಕೈಗಳು ಉಳಿಸಿದ ಲಿಬರೇಟರ್‌ಗೆ ಒಡೆಯನಾದ ಅದೇ ಕಾಲಿಂಗ್ಸ್ ಪ್ರತಿಷ್ಠಾನದ ಬಿ-17 ವಿಮಾನ 2019ರ ಅಕ್ಟೋಬರ್ 2ರಂದು ಕನೆಕ್ಟಿಕಟ್‌ನಲ್ಲಿ ಅಪಘಾತಕ್ಕೀಡಾಗಿ ಏಳು ಮಂದಿ ಸತ್ತರು. ಮರುವರ್ಷ ಆ ಸಂಸ್ಥೆಗೆ ಜನರನ್ನು ಹೊತ್ತು ಹಾರಲು ಇದ್ದ ಅನುಮತಿ ರದ್ದಾಯಿತು. ಹಾರಿದರೆ ಸವೆಯುತ್ತದೆ, ಬಿದ್ದರೆ ಮತ್ತೆ ಸಿಗುವುದಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಹಾರದಿದ್ದರೆ ಹಾರಿಸುವ ವಿದ್ಯೆಯೂ ದುರಸ್ತಿಯ ವಿದ್ಯೆಯೂ ಒಂದು ತಲೆಮಾರಿನಲ್ಲಿ ಅಳಿಯುತ್ತವೆ ಎಂಬುದೂ ಅಷ್ಟೇ ಸತ್ಯ. ಜಾತಿಗೊಂದೇ ಉಳಿದಿದ್ದರೆ ಅದನ್ನು ಸೂರಿನಡಿ ಇಡಬೇಕು. ಡಕೋಟಾದಂತೆ ಒಡಹುಟ್ಟುಗಳು ಇನ್ನೂ ಹಲವಿರುವಲ್ಲಿ ಒಂದಾದರೂ ಹಾರಬೇಕು. ಹಾರುವಾಗ ಅದರೊಳಗೆ ನುರಿತ ಸಿಬ್ಬಂದಿಯ ಹೊರತು ಬೇರೆ ಯಾರೂ ಇರಬಾರದು.

ಸೂರಿನಡಿ ಎಂಬ ಮಾತಿಗೆ ಈ ಸೀಮೆಯಲ್ಲಿ ವಿಶೇಷ ತೂಕವಿದೆ. ವಾಯುಪಡೆ ತನ್ನ ನಿವೃತ್ತ ವಿಮಾನಗಳನ್ನು ಶಿಕ್ಷಣ ಸಂಸ್ಥೆಗಳಿಗೂ ನಗರಾಡಳಿತಗಳಿಗೂ ಪ್ರದರ್ಶನಕ್ಕಾಗಿ ಕೊಡುವ ಪದ್ಧತಿಯಿದೆ; ಚೆನ್ನಮ್ಮನ ಕೋಟೆಯೂ ವಸ್ತುಸಂಗ್ರಹಾಲಯವೂ ಇರುವ ಕಿತ್ತೂರಿಗೋ, ಸೈನ್ಯಕ್ಕೆ ಮಕ್ಕಳನ್ನು ಕಳಿಸುತ್ತ ಬಂದಿರುವ ಬೈಲಹೊಂಗಲಕ್ಕೋ ಅಂಥದ್ದೊಂದು ಬರಲೆಂಬ ಆಸೆ ಅತಿಯಾದದ್ದಲ್ಲ. ಆದರೆ ಕಂಬದ ಮೇಲೆ ಏರಿಸಿ ಬಣ್ಣ ಬಳಿದರೆ ಮುಗಿಯಿತೆಂಬ ಭಾವನೆ ತಪ್ಪು. ಅಲ್ಯೂಮಿನಿಯಂ ತಗಡು ಮತ್ತು ಉಕ್ಕಿನ ಬೋಲ್ಟ್ ಒಂದಕ್ಕೊಂದು ತಾಗಿದಲ್ಲಿ ನೀರು ನಿಂತರೆ ಎರಡು ಲೋಹಗಳ ನಡುವೆ ಬ್ಯಾಟರಿಯಲ್ಲಿ ಆಗುವಂಥದ್ದೇ ಕ್ರಿಯೆ ನಡೆದು, ಬಣ್ಣದ ಕೆಳಗೆ ಕಾಣದಂತೆ ತಗಡು ಬಿಳಿ ಪುಡಿಯಾಗುತ್ತದೆ. ಲಿಬರೇಟರ್‌ಗೆ ಆಶ್ರಯ ಕೊಟ್ಟ ಪೀಮಾ ಸಂಗ್ರಹಾಲಯ ಅರಿಜೋನಾದ ಮರುಭೂಮಿಯಲ್ಲಿ ನೂರಾರು ವಿಮಾನಗಳನ್ನು ಬಯಲಿನಲ್ಲೇ ಇಟ್ಟುಕೊಂಡಿರಬಲ್ಲುದಾದರೆ ಅದಕ್ಕೆ ಕಾರಣ ಅಲ್ಲಿನ ಒಣ ಹವೆ. ನಮ್ಮ ನಾಲ್ಕು ಊರುಗಳಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಮಳೆ ಕಡಿಮೆಯಾಗುತ್ತ ಹೋಗುವುದರಿಂದ, ಲೋಹದ ದೃಷ್ಟಿಯಿಂದ ನೋಡಿದರೆ ರಾಮದುರ್ಗದ ಬಯಲಿನಲ್ಲಿ ಹೆಚ್ಚು ಕಾಲ ಉಳಿಯಬಹುದಾದ ವಿಮಾನ ಮಲೆನಾಡಿನ ಅಂಚಿನ ಕಿತ್ತೂರಿನಲ್ಲಿ ಸೂರಿಲ್ಲದೆ ಬಹುಕಾಲ ಬಾಳಲಾರದು. ರೆಕ್ಕೆಯ ಅಡಿಯಲ್ಲಿ ನೀರು ಹರಿದುಹೋಗಲೆಂದು ಬಿಟ್ಟಿರುವ ಸಣ್ಣ ಸಣ್ಣ ತೂತುಗಳನ್ನು ಕಣಜಗಳು ಮಣ್ಣಿನಿಂದ ಮುಚ್ಚುತ್ತವೆ. ಎಂಜಿನ್ನಿನ ಬಾಯಲ್ಲಿ ಪಾರಿವಾಳ ಗೂಡು ಕಟ್ಟುತ್ತದೆ. ಗಾಲಿಯ ಗೂಡಿನಲ್ಲಿ ಒಣಗಿದ ಎಲೆ ಸೇರಿ ತೇವ ಹಿಡಿಯುತ್ತದೆ. ರೋಹಿಣಿ ಮಳೆ ಬೀಳುವ ಮುನ್ನ ಪ್ರತಿ ವರ್ಷ ಯಾರಾದರೊಬ್ಬರು ಏಣಿ ಹಾಕಿ, ತಂತಿಯೊಂದನ್ನು ಹಿಡಿದು, ಆ ತೂತುಗಳನ್ನು ಒಂದೊಂದಾಗಿ ಬಿಡಿಸಬೇಕಾಗುತ್ತದೆ.